ಸಣ್ಣ ಕಾರಿನ ಅಡ್ಡಸರಳು: ನಿಷೇಧವಲ್ಲ, ಪರೀಕ್ಷೆ ಬೇಕು

ಕೊಯಮತ್ತೂರು ನಮ್ಮ ಜಿಲ್ಲೆಯವರಿಗೆ ಅಪರಿಚಿತವಾದ ಊರಲ್ಲ. ನಮ್ಮ ಅಡಿಕೆ ತೋಟಗಳ ಕೆರೆಬಾವಿಗಳಲ್ಲಿ ನೀರೆತ್ತುವ ಪಂಪುಗಳಲ್ಲಿ, ನಮ್ಮ ಅಡುಗೆಮನೆಗಳಲ್ಲಿ ಇಡ್ಲಿಗೆ ಅರೆಯುವ ಗ್ರೈಂಡರುಗಳಲ್ಲಿ ಎಷ್ಟೋ ಆ ಊರಿನಿಂದಲೇ ಬಂದವು. ಇನ್ನೂ ಹತ್ತಿರದ ನಂಟೊಂದಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಸೇರಿತು. ಅದೇ ವಿಂಗಡಣೆಯಲ್ಲಿ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಿಂದ ಕಳಚಿ ಮೈಸೂರಿಗೆ ಬಂತು. ಕೊಳ್ಳೇಗಾಲ ಬಂದರೂ ಕನ್ನಡವೆಲ್ಲ ಬರಲಿಲ್ಲ. ಕೊಯಮತ್ತೂರಿನಲ್ಲೂ, 2009ರಲ್ಲಿ ಪ್ರತ್ಯೇಕ ಜಿಲ್ಲೆಯಾದ ತಿರುಪ್ಪೂರಿನಲ್ಲೂ ದೇವಾಂಗ ನೇಕಾರರು ಮೊದಲಾದವರ ಮನೆಗಳಲ್ಲಿ ಕನ್ನಡದ ನುಡಿ ಇಂದಿಗೂ ಕೇಳಿಬರುತ್ತದೆ. ಆದುದರಿಂದ ಅಲ್ಲಿನ ವರ್ಕ್‌ಶಾಪುಗಳ ವಿಷಯವನ್ನು ಇಲ್ಲಿ ಪ್ರಸ್ತಾಪಿಸಿದರೆ ಓದುಗರು ಅನ್ಯಥಾ ಭಾವಿಸಲಾರರೆಂದು ನಂಬಿದ್ದೇವೆ.

ವಿಷಯ ಚಿಕ್ಕದು. ಸಣ್ಣ ಕಾರಿನ ಬಾನೆಟ್ಟನ್ನು ಎತ್ತಿದರೆ ಎಂಜಿನ್ನಿನ ಎಡಬಲಗಳಲ್ಲಿ, ಮುಂದಿನ ಚಕ್ರಗಳ ನೇರ ಮೇಲೆ, ತಗಡಿನ ಎರಡು ಗುಮ್ಮಟಗಳು ಕಾಣುತ್ತವೆ. ಈ ಎರಡರ ನೆತ್ತಿಯನ್ನು ಸೇರಿಸಿ ಅಡ್ಡಲಾಗಿ ಬಿಗಿಯುವ ಉಕ್ಕಿನ ಅಥವಾ ಅಲ್ಯುಮಿನಿಯಮಿನ ಸರಳಿಗೆ ಸ್ಟ್ರಟ್ ಬಾರ್ ಎಂದು ಹೆಸರು. ಇದು ಸಾಮಾನ್ಯವಾಗಿ ಕಾರಿನ ಕಂಪೆನಿ ಕೊಟ್ಟದ್ದಲ್ಲ, ಆಮೇಲೆ ಕೊಂಡು ಹಾಕಿಸಿಕೊಳ್ಳುವಂಥದು. ತಿರುವಿನಲ್ಲಿ ಕಾರು ನೆಟ್ಟಗೆ ನಿಲ್ಲುತ್ತದೆ, ಸ್ಟಿಯರಿಂಗ್ ಹೇಳಿದ ಮಾತು ಕೇಳುತ್ತದೆ ಎಂಬ ಆಸೆಯಿಂದ ತರುಣರು ಇದಕ್ಕೆ ಹಣ ಸುರಿಯುತ್ತಾರೆ. ಇದು ಬರಿಯ ಶೋಕಿಯೇ, ಅಪಾಯವೇ, ಉಪಯುಕ್ತ ಸಾಧನವೇ? ಕಾನೂನು ಇದನ್ನು ಹೇಗೆ ಕಾಣಬೇಕು? ಇವೇ ನಮ್ಮ ಮುಂದಿರುವ ಪ್ರಶ್ನೆಗಳು.

ಮೊದಲು ಸರಳಿನ ಕೆಲಸವನ್ನು ತಿಳಿಯೋಣ. ಇಂದಿನ ಸಣ್ಣ ಕಾರಿಗೆ ಲಾರಿಯಂತೆ ಅಡಿಯಲ್ಲಿ ಪ್ರತ್ಯೇಕ ಚಾಸಿಸ್ ಇಲ್ಲ. ತಗಡಿನ ಒಡಲೇ ಅದರ ಚಾಸಿಸ್. ಮುಂದಿನ ಚಕ್ರಗಳು ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಏರ್ಪಾಡಿನಲ್ಲಿ ನಿಂತಿರುತ್ತವೆ. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕನ್ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ಈ ಏರ್ಪಾಡಿನಲ್ಲಿ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬವಾಗಿ ಕೂಡಿ, ಆ ಕಂಬದ ತಲೆ ನಾವು ಹೇಳಿದ ಗುಮ್ಮಟಕ್ಕೆ ಬೋಲ್ಟಿನಿಂದ ಬಿಗಿದಿರುತ್ತದೆ. ಅಂಬಾಸಿಡರ್, ಪದ್ಮಿನಿ ಕಾರುಗಳ ಏರ್ಪಾಡು ಬೇರೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರೊಂದಿಗೆ ಈ ಪದ್ಧತಿ ನಮ್ಮ ದೇಶದ ಮನೆಮನೆಗೂ ಬಂತು. ಕಡಿಮೆ ಖರ್ಚು, ಕಡಿಮೆ ಜಾಗ. ಸಣ್ಣ ಕಾರಿಗೆ ಹೇಳಿ ಮಾಡಿಸಿದಂಥದು.

ತಿರುವಿನಲ್ಲಿ ಕಾರು ವೇಗವಾಗಿ ಹೊರಳಿದಾಗ ಚಕ್ರದ ಮೇಲೆ ಬೀಳುವ ಅಡ್ಡ ಒತ್ತಡ ಕಂಬದ ಮೂಲಕ ಗುಮ್ಮಟಕ್ಕೆ ತಲಪುತ್ತದೆ. ತಗಡು ಕೂದಲೆಳೆಯಷ್ಟು ಬಾಗುತ್ತದೆ. ಚಕ್ರದ ಓಟವೂ ಅಷ್ಟೇ ಬದಲಾಗುತ್ತದೆ. ಮದುವೆ ಚಪ್ಪರದ ಎರಡು ಕಂಬಗಳ ತಲೆಗೆ ಅಡ್ಡಬಿದಿರು ಕಟ್ಟಿದರೆ ಕಂಬಗಳ ಓಲಾಟ ನಿಲ್ಲುವಂತೆ, ಈ ಸರಳು ಎರಡು ಗುಮ್ಮಟಗಳ ನಡುವಿನ ಅಂತರವನ್ನು ಕಾಯುತ್ತದೆ. ತತ್ತ್ವದಲ್ಲಿ ತಪ್ಪಿಲ್ಲ. ಹಲವು ಕಂಪೆನಿಗಳು ತಮ್ಮ ವೇಗದ ಮಾದರಿಗಳಿಗೆ ಕಾರ್ಖಾನೆಯಲ್ಲೇ ಇದನ್ನು ಅಳವಡಿಸಿವೆ.

ಆದರೆ ಸರಳು ಮಾಡದಿರುವ ಕೆಲಸಗಳನ್ನೂ ಹೇಳಬೇಕು. ಅದು ಟೈರಿನ ಹಿಡಿತವನ್ನು ಹೆಚ್ಚಿಸುವುದಿಲ್ಲ. ಬ್ರೇಕಿನ ದೂರವನ್ನು ಕಡಿಮೆ ಮಾಡುವುದಿಲ್ಲ. ಸೋರುವ ಶಾಕ್ ಅಬ್ಸಾರ್ಬರನ್ನು ಸರಿಪಡಿಸುವುದಿಲ್ಲ. ಪೇಟೆಯೊಳಗಿನ ನಿಧಾನದ ಓಡಾಟದಲ್ಲಿ ಅದು ಇದ್ದರೂ ಇಲ್ಲದಿದ್ದರೂ ಚಾಲಕನಿಗೆ ಭೇದ ತಿಳಿಯದು. ಪೊಳ್ಳಾಚಿಯಿಂದ ವಾಲ್ಪಾರೈಗೆ ಏರುವ ಘಾಟಿಯಲ್ಲಿ 40 ಹೇರ್‌ಪಿನ್ ತಿರುವುಗಳಿವೆ. ಅಂಥ ಕಡೆ ತರುಣ ಚಾಲಕನಿಗೆ ಸರಳಿನ ಗುಣ ಅಷ್ಟಿಷ್ಟು ಅನುಭವಕ್ಕೆ ಬರಬಹುದು. ಆದರೆ ಆ ತಿರುವುಗಳಲ್ಲಿ ಪ್ರಾಣ ಉಳಿಸುವುದು ನಿಧಾನ ಮತ್ತು ಒಳ್ಳೆಯ ಟೈರು, ಸರಳಲ್ಲ. ಟೈರಿನ ಹಲ್ಲು ಸವೆದು ನುಣುಪಾಗಿದ್ದರೂ ಬಾನೆಟ್ಟಿನೊಳಗೆ ಬಣ್ಣದ ಸರಳು ಮಿರುಗುತ್ತಿರುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದಂತೆ.

ಬಿಗಿಯುವ ಕ್ರಮದಲ್ಲೂ ಎಚ್ಚರ ಬೇಕು. ಕಾರು ಸಮತಟ್ಟಾದ ನೆಲದಲ್ಲಿ ತನ್ನ ನಾಲ್ಕು ಚಕ್ರಗಳ ಮೇಲೆಯೇ ನಿಂತಿರಬೇಕು. ಜಾಕ್ ಕೊಟ್ಟು ಎತ್ತಿದ ಕಾರಿನಲ್ಲಿ ಗುಮ್ಮಟದ ನಟ್ಟುಗಳನ್ನು ಬಿಚ್ಚಿದರೆ ಕಂಬ ಕೆಳಗೆ ಜಾರುತ್ತದೆ. ಗುಮ್ಮಟದ ಸುತ್ತಲಿನ ನಟ್ಟುಗಳನ್ನು ಮಾತ್ರ ಬಿಚ್ಚತಕ್ಕದ್ದು. ನಡುವಿನ ದೊಡ್ಡ ನಟ್ಟಿನ ಗೊಡವೆಗೆ ಹೋಗಬಾರದು. ಅದರ ಕೆಳಗೆ ಅದುಮಿದ ಸ್ಪ್ರಿಂಗ್ ಕಾದು ಕುಳಿತಿರುತ್ತದೆ. ಸರಳಿನ ತಟ್ಟೆ ಕೂತ ಮೇಲೆ ನಟ್ಟು ಪೂರಾ ಹಿಡಿಯುವಷ್ಟು ಮರೆ ಉಳಿದಿದೆಯೇ, ಬಾನೆಟ್ಟು ಮುಚ್ಚಿದಾಗ ತಗಲುವುದೇ, ಎಂಜಿನ್ ಅಲುಗಾಡುವಾಗ ಬಡಿಯುವುದೇ ಎಂದು ನೋಡಬೇಕು. ನಟ್ಟನ್ನು ತೋಳಬಲದ ಅಂದಾಜಿನಿಂದಲ್ಲ, ಟಾರ್ಕ್ ಸ್ಪ್ಯಾನರಿನಿಂದ, ಕಂಪೆನಿ ಹೇಳಿದ ಅಳತೆಗೆ ಬಿಗಿಯಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರಿಶೀಲಿಸಬೇಕು. ಬಲ್ಲ ಮೇಸ್ತ್ರಿಗೆ ಇದು ಒಂದು ಗಂಟೆಯೂ ಹಿಡಿಯದ ಕೆಲಸ.

ನಮ್ಮ ಕರಾವಳಿಯವರು ಇನ್ನೊಂದನ್ನು ಗಮನಿಸಬೇಕು. ಕಡಲ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆಗೆ ನಮ್ಮ ಕಾರುಗಳ ತಗಡು ಒಳಗಿಂದೊಳಗೆ ತುಕ್ಕು ಹಿಡಿಯುತ್ತದೆ. ಗುಮ್ಮಟದ ಅಂಚು, ಬೆಸುಗೆಯ ಸಾಲು ಮೊದಲು ಕೊಳೆಯುವ ಜಾಗಗಳಲ್ಲೊಂದು. ಬುಡಕ್ಕೆ ಗೆದ್ದಲು ಹಿಡಿದ ಕಂಬಗಳಿಗೆ ಅಡ್ಡಬಿದಿರು ಕಟ್ಟಿ ಪ್ರಯೋಜನವೇನು? ಹಳೆಯ ಕಾರಿಗೆ ಸರಳು ಬಿಗಿಸಲು ಹೊರಟವರು ಮೊದಲು ಗುಮ್ಮಟವನ್ನು ತೋರಿಸಿ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಇನ್ನು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವೇ ಬದಲಾಗುವಂತಹ ರಚನೆಯ ಬದಲಾವಣೆ ಎಂದು ಆ ವಿಧಿಯೇ ವಿವರಿಸುತ್ತದೆ. ಕೇರಳದಿಂದ ಹೋದ ಮೇಲ್ಮನವಿಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ, ರಿಜಿಸ್ಟ್ರೇಶನ್ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಲಾಗದೆಂದು ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿಯ ಮೇರೆಗೆ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲಿಕನಿಗೆ ಆರು ತಿಂಗಳ ವರೆಗೆ ಸಜೆ, ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ನ್ಯಾಯಾಲಯದ ಉದ್ದೇಶ ಸಾಧುವಾದುದು. ಕಿವಿ ಕಿತ್ತುಹೋಗುವ ಸೈಲೆನ್ಸರು, ಎದುರಿನವರ ಕಣ್ಣು ಕುರುಡಾಗಿಸುವ ದೀಪ, ಪಾದಚಾರಿಯ ಎಲುಬು ಮುರಿಯುವ ಬುಲ್‌ಬಾರ್ ಇವುಗಳನ್ನು ಯಾರೂ ಸಮರ್ಥಿಸಲಾರರು. ಆದರೆ ಬಾನೆಟ್ಟಿನೊಳಗೆ ನಾಲ್ಕಾರು ನಟ್ಟುಗಳಲ್ಲಿ ನಿಂತು, ಬೇಕೆಂದಾಗ ಬಿಚ್ಚಬಹುದಾದ ಸರಳು ವಾಹನದ ಮೂಲ ಲಕ್ಷಣವನ್ನು ಬದಲಿಸುತ್ತದೆಯೇ? ರಿಜಿಸ್ಟ್ರೇಶನ್ ಪತ್ರದಲ್ಲಿ ಅದಕ್ಕೆ ಕಾಲಮೇ ಇಲ್ಲ. ಹಾಗೆಂದು ಸರ್ವಥಾ ನಿರುಪದ್ರವಿ ಎನ್ನುವಂತೆಯೂ ಇಲ್ಲ: ಒಂದು ಪಕ್ಕಕ್ಕೆ ಡಿಕ್ಕಿಯಾದಾಗ ಸರಳು ಆ ಪೆಟ್ಟನ್ನು ಇನ್ನೊಂದು ಗುಮ್ಮಟಕ್ಕೂ ದಾಟಿಸಬಹುದು; ಕಳಪೆ ಬೆಸುಗೆಯದಾದರೆ ತಾನೇ ಮುರಿದು ಬೀಳಬಹುದು. ತಪಾಸಣೆಯ ಅಧಿಕಾರಿ ಯಾವುದನ್ನು ತಪ್ಪೆನ್ನಬೇಕು, ಯಾವುದನ್ನು ಬಿಡಬೇಕು? ವಿಮಾ ಕಂಪೆನಿ ನಾಳೆ ಪರಿಹಾರ ಕೊಡುವಾಗ ಏನೆಂದೀತು? ಈ ಸಂದಿಗ್ಧದಲ್ಲಿ ನಷ್ಟಪಡುವವನು ಕೊಂಡವನು. ಅವಮಾನಪಡುವವನು ಪ್ರಾಮಾಣಿಕವಾಗಿ ದುಡಿಯುವ ಮೇಸ್ತ್ರಿ.

ಆ ಮೇಸ್ತ್ರಿಯ ಕೈಕಸಬು ಸಾಮಾನ್ಯವಾದುದಲ್ಲ. ಜಿ. ಡಿ. ನಾಯ್ಡು ಅವರಂತಹ ಯಂತ್ರಪ್ರತಿಭೆಯನ್ನು ಕಂಡ ಊರು ಕೊಯಮತ್ತೂರು. ಅದೇ ಊರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಯಲ್ಲಿ ಮಾರುತಿ 800ರ ಎಂಜಿನನ್ನೇ ಬಳಸಿ ಫಾರ್ಮುಲಾ ಮಾರುತಿ ಎಂಬ ರೇಸು ಕಾರನ್ನು ರೂಪಿಸಿದರು. ಪರದೇಶದ ಕಾರು ತರಿಸಲಾರದ ತರುಣರೂ ರೇಸಿಗಿಳಿಯಲು ಅದರಿಂದ ದಾರಿಯಾಯಿತು. 1995ರಲ್ಲಿ ವಿಮಾನಾಪಘಾತದಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ರೇಸು ಪಥ 2003ರಲ್ಲಿ ಚೆಟ್ಟಿಪಾಳಯಂನಲ್ಲಿ ತೆರೆಯಿತು. 2005ರಲ್ಲಿ ಫಾರ್ಮುಲಾ ಒನ್ ಸ್ಪರ್ಧೆಗಿಳಿದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಕೂಡ ಕೊಯಮತ್ತೂರಿನವರು. ಇಂತಹ ಪರಂಪರೆಯ ಊರಿನಲ್ಲಿ ಒಳ್ಳೆಯ ಸರಳನ್ನು ಮಾಡಬಲ್ಲ ಕೈಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಒಳ್ಳೆಯದನ್ನು ಕೆಟ್ಟದರಿಂದ ಬೇರ್ಪಡಿಸುವ ಗುರುತಿಗೆ. ಅಳತೆ ನೋಡಿ ಕೊಳವೆ ಬಗ್ಗಿಸಿದವನ ಸರಳಿಗೂ, ಗುಜರಿ ಪೈಪಿಗೆ ಬಣ್ಣ ಬಳಿದವನ ಸರಳಿಗೂ ಹೊರನೋಟಕ್ಕೆ ಭೇದ ಕಾಣದು. ಕಡಿಮೆ ಬೆಲೆಗೆ ಕೊಡುವವನೇ ಪೇಟೆಯಲ್ಲಿ ಗೆಲ್ಲುತ್ತಾನೆ.

ಇದಕ್ಕೆ ಪರಿಹಾರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಆ ಎರಡು ಜಿಲ್ಲೆಗಳಲ್ಲೇ ಇದೆ. ಕೊಯಮತ್ತೂರಿನ ಪಂಪನ್ನೇ ನೋಡಿ. ಸಣ್ಣ ಸಣ್ಣ ಶೆಡ್ಡುಗಳಲ್ಲಿ ಹುಟ್ಟಿದ ಆ ಉದ್ಯಮದವರು ತಮ್ಮ ಸಂಘದ ಮುತುವರ್ಜಿಯಿಂದ ಸೀಟಾರ್ಕ್ ಎಂಬ ಪರೀಕ್ಷಾ ಕೇಂದ್ರವನ್ನು ಊರಿನಲ್ಲೇ ಕಟ್ಟಿಕೊಂಡರು. ಪ್ರತಿಯೊಬ್ಬನೂ ಸ್ವಂತ ಪ್ರಯೋಗಾಲಯ ಕಟ್ಟಲಾರ. ಎಲ್ಲರೂ ಸೇರಿ ಒಂದನ್ನು ಕಟ್ಟಬಹುದು. ಪಂಪಿನ ಮೇಲೆ ಐ.ಎಸ್.ಐ. ಗುರುತು ಇದ್ದರೆ ನಮ್ಮ ಕೃಷಿಕ ಕಣ್ಣುಮುಚ್ಚಿ ಕೊಳ್ಳುತ್ತಾನೆ.

ತಿರುಪ್ಪೂರಿನ ಬನಿಯನ್ನು ಇನ್ನೊಂದು ಪಾಠ. 1990ರ ದಶಕದಲ್ಲಿ ಜರ್ಮನಿಯು ಅಪಾಯಕಾರಿಯಾದ ಕೆಲವು ಅಜೋ ಬಣ್ಣಗಳನ್ನು ನಿಷೇಧಿಸಿತು. 1997ರಲ್ಲಿ ಭಾರತವೂ ಅಂಥ ಬಣ್ಣಗಳನ್ನು ತಡೆಯಿತು. ಬಣ್ಣ ಬಿಡುವುದೇ, ಒಗೆದರೆ ಕುಗ್ಗುವುದೇ, ಮೈಗೆ ಕೆಡುಕೇ ಎಂಬ ಪರೀಕ್ಷೆಗಳನ್ನು ದಾಟದೆ ಆ ಊರಿನ ಬನಿಯನ್ನು ಯುರೋಪಿನ ಅಂಗಡಿಗೆ ಹೋಗುವಂತಿಲ್ಲ. ಪರೀಕ್ಷೆಯಿಂದ ಉದ್ಯಮ ಸಾಯಲಿಲ್ಲ, ಬೆಳೆಯಿತು. ಆದರೆ ಅದೇ ಊರಿನಲ್ಲಿ ಬಣ್ಣದ ಕೊಳೆನೀರಿನ ವಿಷಯದಲ್ಲಿ ವರ್ಷಗಟ್ಟಲೆ ಉಪೇಕ್ಷೆಯಾಗಿ ನೊಯ್ಯಲ್ ನದಿ ಹಾಳಾಯಿತು. ಕೊನೆಗೆ 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಬಣ್ಣದ ಘಟಕಗಳನ್ನೇ ಮುಚ್ಚಿಸಬೇಕಾಯಿತು. ಸಕಾಲದಲ್ಲಿ ನಿಯಮ ಪಾಲಿಸದೆ ಹೋದಾಗ ಪೂರ್ಣ ನಿಷೇಧದ ಪೆಟ್ಟು ಬೀಳುತ್ತದೆ. ಆ ಪೆಟ್ಟು ಮೊದಲು ತಗಲುವುದು ಕೂಲಿಯವನಿಗೆ. ಎಳೆಮಗುವಿನ ಬನಿಯನ್ನಿಗೆ ಪರೀಕ್ಷೆ ಇರುವಾಗ, ಆ ಮಗುವನ್ನು ಕೂರಿಸಿಕೊಂಡು ಓಡುವ ಕಾರಿನ ಉಕ್ಕಿಗೆ ಪರೀಕ್ಷೆ ಬೇಡವೇ?

ಸರಕಾರಕ್ಕೂ ಇದು ಹೊಸ ದಾರಿಯಲ್ಲ. ಪೆಟ್ರೋಲ್ ಕಾರಿಗೆ ಸಿ.ಎನ್.ಜಿ. ಕಿಟ್ ಅಳವಡಿಸುವುದು ಸರಳಿಗಿಂತ ಎಷ್ಟೋ ಪಾಲು ದೊಡ್ಡ ಬದಲಾವಣೆ. ಆದರೂ ಅನುಮೋದಿತ ಕಿಟ್ಟಿಗೆ ಅದೇ 52ನೆಯ ವಿಧಿ ಎಡೆಕೊಟ್ಟಿದೆ. ದ್ವಿಚಕ್ರ ಸವಾರರ ಹೆಲ್ಮೆಟ್ಟಿಗೆ 2021ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಹಾಗಿರುವಾಗ ಆಮೇಲೆ ಅಳವಡಿಸುವ ಬಿಡಿಭಾಗಗಳ ಪಟ್ಟಿಯೊಂದನ್ನು ಮಾಡಿ, ಯಾವುದು ಸರ್ವಥಾ ಕೂಡದು, ಯಾವುದು ಪರೀಕ್ಷೆಗೊಳಪಟ್ಟು ಸಲ್ಲುತ್ತದೆ, ಯಾವುದಕ್ಕೆ ಅಡ್ಡಿಯಿಲ್ಲ ಎಂದು ಮೂರು ವರ್ಗಗಳಾಗಿ ಸ್ಪಷ್ಟಪಡಿಸಲು ಏನಡ್ಡಿ? ಪುಣೆಯಲ್ಲಿ ಎ.ಆರ್.ಎ.ಐ. ಇದೆ, ಚೆನ್ನೈ ಸಮೀಪದ ಒರಗಡಂನಲ್ಲಿ ಕೇಂದ್ರದ ವಾಹನ ಪರೀಕ್ಷಾ ಸಂಸ್ಥೆಯಿದೆ. ಆದರೆ ಐದಾರು ಜನ ದುಡಿಯುವ ವರ್ಕ್‌ಶಾಪಿನವನು ದೊಡ್ಡ ಕಾರ್ಖಾನೆಯ ದರ ತೆತ್ತು ಅಲ್ಲಿ ಪರೀಕ್ಷೆ ಮಾಡಿಸಲಾರ. ಪಂಪಿನವರಿಗಿದ್ದಂತೆ ಊರಿನಲ್ಲೇ, ಕೈಗೆಟಕುವ ಶುಲ್ಕದಲ್ಲಿ ವ್ಯವಸ್ಥೆಯಾಗಬೇಕು. ಉತ್ತೀರ್ಣವಾದ ಸರಳಿನ ಮೇಲೆ ಮಾಡಿದವರ ಹೆಸರು, ಯಾವ ಕಾರಿಗೆ, ಎಷ್ಟು ಬಿಗಿತಕ್ಕೆ ಎಂಬುದು ಅಚ್ಚಾಗಿರಬೇಕು. ಬಿಗಿದ ವರ್ಕ್‌ಶಾಪು ರಸೀದಿ ಕೊಡಬೇಕು. ವಿಮಾ ಕಂಪೆನಿ ಅದನ್ನು ಮಾನ್ಯ ಮಾಡಬೇಕು.

ಇಷ್ಟು ಸಣ್ಣ ಸರಳಿಗೆ ಇಷ್ಟೆಲ್ಲ ಏಕೆ ಎಂದು ಕೇಳುವವರು ಇರಬಹುದು. ಸರಳು ನಿಮಿತ್ತಮಾತ್ರ. ಎಲ್ಲವನ್ನೂ ಕೂಡದೆಂದು ಬರೆದಿಟ್ಟು, ಪೇಟೆಯಲ್ಲಿ ಎಲ್ಲವನ್ನೂ ಮಾರಲು ಬಿಟ್ಟು, ಆಗಾಗ ರಸ್ತೆಬದಿಯಲ್ಲಿ ದಂಡ ವಸೂಲಿ ಮಾಡುವ ಪದ್ಧತಿಯಿಂದ ರಸ್ತೆಯೂ ಸುರಕ್ಷಿತವಾಗದು, ಕಸಬೂ ಉಳಿಯದು. ನೆಗಡಿಯಾಯಿತೆಂದು ಮೂಗು ಕೊಯ್ಯುವುದು ಬೇಡ. ನೆಗಡಿಯೇ ಇಲ್ಲವೆಂದು ನಟಿಸುವುದೂ ಬೇಡ.

ನಮ್ಮ ತರುಣರಿಗೆ ಒಂದು ಮಾತು. ಕೈಯಲ್ಲಿ ಕೆಲವು ಸಾವಿರ ರೂಪಾಯಿ ಇದ್ದರೆ ಮೊದಲು ಟೈರು ನೋಡಿ. ಅನಂತರ ಬ್ರೇಕು, ಶಾಕ್ ಅಬ್ಸಾರ್ಬರು, ತುಕ್ಕು. ಚಕ್ರದ ಅಲೈನ್‌ಮೆಂಟು ಮಾಡಿಸಿ. ಅಷ್ಟಾದ ಮೇಲೂ ಹಣ ಉಳಿದು ಆಸೆಯೂ ಉಳಿದರೆ ಸರಳಿನ ಮಾತು. ಅದನ್ನಾದರೂ ಹೆಸರು ಹೇಳಿ ರಸೀದಿ ಕೊಡುವವನಿಂದಲೇ ಕೊಳ್ಳಿ. ಕೇಂದ್ರ ಸಾರಿಗೆ ಇಲಾಖೆಯೂ, ಕೊಯಮತ್ತೂರು ತಿರುಪ್ಪೂರುಗಳ ಉದ್ಯಮಿಗಳ ಸಂಘಗಳೂ ಈ ವಿಷಯವನ್ನು ಕೈಗೆತ್ತಿಕೊಳ್ಳುವುದು ಅಪೇಕ್ಷಣೀಯ. ಪಂಪಿಗೆ ಗುರುತು ದೊರಕಿಸಿಕೊಂಡ ಊರಿಗೆ ಸರಳಿಗೊಂದು ಗುರುತು ದೊರಕಿಸಿಕೊಳ್ಳುವುದು ಭಾರವಾಗಲಾರದು.