ಗೋದಾಮಿನಲ್ಲಿ ಒಂದು ಕಾರು

ಈ ತಿಂಗಳು ನೂಲಿನ ದರ, ವ್ಯಾಪಾರದ ಏರಿಳಿತ ಯಾವುದನ್ನೂ ಬರೆಯುವುದಿಲ್ಲ. ತಿರುಪ್ಪೂರಿನ ನಮ್ಮ ಗೋದಾಮಿನಲ್ಲಿ ಬನಿಯನ್ ಬಟ್ಟೆಯ ಕಟ್ಟುಗಳ ಪಕ್ಕದಲ್ಲಿ ಒಂದು ಕಾರು ನಿಂತಿದೆ. ಅದು ಕೊಂಡು ತಂದ ಕಾರಲ್ಲ, ನಮ್ಮ ಮಗಳ ಮಗ ಕೈಯಾರೆ ಕಟ್ಟುತ್ತಿರುವ ಕಾರು. ಊರಿನ ಕಡೆ ಮದುವೆ ಮುಂಜಿಗೆ ಹೋದಾಗಲೆಲ್ಲ ಬಂಧುಗಳು ಅದರ ಸುದ್ದಿಯನ್ನೇ ಕೇಳುತ್ತಾರೆ. ಎಲ್ಲರಿಗೂ ಒಂದೇ ಸಲ ಹೇಳಿಬಿಡೋಣವೆಂದು ಈ ಪುಟವನ್ನು ಅದಕ್ಕೇ ಬಿಟ್ಟಿದ್ದೇವೆ.

ಹುಡುಗ ಕೊಯಮತ್ತೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಒಂದು ಭಾನುವಾರ ಬಂದವನು, "ಅಜ್ಜಾ, ಶೆಡ್ಡಿನಲ್ಲಿರುವ ಅಂಬಾಸಿಡರ್ ನನಗೆ ಕೊಡುತ್ತೀರಾ?" ಎಂದ. ಓಡಿಸಲಿಕ್ಕೆ ಇರಬೇಕೆಂದು "ತಗೋ ಮಾರಾಯ" ಎಂದೆವು. ಬಿಚ್ಚಲಿಕ್ಕೆ ಎಂದು ತಿಳಿದದ್ದು ಮಧ್ಯಾಹ್ನದ ಊಟಕ್ಕೆ ಕುಳಿತಾಗ. ನಮ್ಮ ಮನೆಯವರು ಬಡಿಸುತ್ತಿದ್ದ ಸೌಟು ಅಲ್ಲೇ ನಿಂತಿತು. ಆ ಗಾಡಿ 1989ರಲ್ಲಿ ಕೊಂಡದ್ದು. 1993ರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳಕ್ಕೆ ಏಳು ಜನ ಅದರಲ್ಲೇ ಹೋಗಿ ಬಂದಿದ್ದೆವು.

ಅವನು ಕಟ್ಟಬೇಕೆಂದದ್ದು 'ಹಾಟ್ ರಾಡ್' ಎಂಬ ಜಾತಿಯ ರೋಡ್‌ಸ್ಟರ್. ರೋಡ್‌ಸ್ಟರ್ ಎಂದರೆ ಮೇಲ್ಛಾವಣಿ ಇಲ್ಲದ, ಇಬ್ಬರು ಕೂರುವ ಕಾರು. ಅಮೇರಿಕದಲ್ಲಿ ಫೋರ್ಡ್ ಕಂಪನಿ 1908ರಿಂದ 1927ರ ತನಕ ಒಂದೂವರೆ ಕೋಟಿ 'ಮಾಡೆಲ್ ಟಿ' ಕಾರು ಮಾಡಿತ್ತು. 1932ರಲ್ಲಿ ಅದೇ ಕಂಪನಿ ಎಂಟು ಸಿಲಿಂಡರಿನ ಇಂಜಿನನ್ನು ಸಾಮಾನ್ಯರ ಕಾರಿಗೂ ಕೂರಿಸಿತು. ಹಳೆಯವು ಗುಜರಿ ಬೆಲೆಗೆ ಸಿಗತೊಡಗಿದಾಗ ಕ್ಯಾಲಿಫೋರ್ನಿಯಾದ ಹುಡುಗರು ಅವುಗಳ ಮಡ್‌ಗಾರ್ಡು, ಮೇಲ್ಛಾವಣಿ ಕಿತ್ತು, ದೊಡ್ಡ ಇಂಜಿನ್ ಹಾಕಿ, ಬತ್ತಿದ ಕೆರೆಗಳ ಬಯಲಿನಲ್ಲಿ ಓಡಿಸಿ ಪಂದ್ಯ ಕಟ್ಟುತ್ತಿದ್ದರು. ಅಂದರೆ ಇದು ಶ್ರೀಮಂತರ ಹುಚ್ಚಲ್ಲ, ದುಡ್ಡಿಲ್ಲದವರ ಹುಚ್ಚು. ಕೇಳಿ ನಮಗೆ ತುಸು ಸಮಾಧಾನವಾಯಿತು.

ಇಂಥ ಹುಚ್ಚು ಈ ಕಡೆಗೆ ಹೊಸದೇನಲ್ಲ. ಕೊಯಮತ್ತೂರಿನ ಹತ್ತಿರದ ಕಲಂಗಲ್ ಎಂಬ ಹಳ್ಳಿಯಲ್ಲಿ 1893ರಲ್ಲಿ ಹುಟ್ಟಿದ ಜಿ.ಡಿ. ನಾಯ್ಡು ಅವರಿಗೆ ಶಾಲೆ ಹಿಡಿಸಲಿಲ್ಲ. ಒಬ್ಬ ಬ್ರಿಟಿಷ್ ಅಧಿಕಾರಿಯ ಮೋಟಾರ್ ಸೈಕಲ್ ನೋಡಿ ಮರುಳಾದರು. ಹೋಟೆಲಿನಲ್ಲಿ ದುಡಿದು ಹಣ ಕೂಡಿಸಿ ಅದನ್ನೇ ಕೊಂಡು, ಬಿಚ್ಚಿ, ಮತ್ತೆ ಜೋಡಿಸಿ ಯಂತ್ರವಿದ್ಯೆ ಕಲಿತರು. 1920ರಲ್ಲಿ ಒಂದೇ ಒಂದು ಬಸ್ಸಿನಿಂದ ಪೊಳ್ಳಾಚಿ-ಪಳನಿ ದಾರಿಯಲ್ಲಿ ಸಾರಿಗೆ ಶುರುಮಾಡಿದರು. 1937ರಲ್ಲಿ ಅವರೂ ಡಿ. ಬಾಲಸುಂದರಂ ಅವರೂ ಸೇರಿ ದೇಶದಲ್ಲೇ ಮೊದಲ ವಿದ್ಯುತ್ ಮೋಟಾರು ತಯಾರಿಸಿದರು. 1952ರಲ್ಲಿ ಇಬ್ಬರು ಕೂರುವ ಪೆಟ್ರೋಲ್ ಕಾರು ಮಾಡಿ, ಎರಡು ಸಾವಿರ ರೂಪಾಯಿಗೆ ಕೊಡಬಹುದು ಎಂದರು. ಸರಕಾರ ಲೈಸೆನ್ಸು ಕೊಡಲಿಲ್ಲ, ಕಾರು ಅಲ್ಲಿಗೇ ನಿಂತಿತು. ಅವರು 1974ರಲ್ಲಿ ತೀರಿಕೊಂಡರು. 2015ರಲ್ಲಿ ಅವಿನಾಶಿ ರಸ್ತೆಯಲ್ಲಿ ಅವರ ಮನೆತನದವರು ತೆರೆದ ಕಾರುಗಳ ಮ್ಯೂಸಿಯಂಗೆ ಹುಡುಗ ನಮ್ಮನ್ನು ಕರೆದುಕೊಂಡು ಹೋಗಿದ್ದ.

ಆಮೇಲೆ ಲಕ್ಷ್ಮೀ ಮಿಲ್ಸ್ ಮನೆತನದ ಕರಿವರ್ಧನ್. ಅವರು ಮಾರುತಿ ಇಂಜಿನ್ ಹಾಕಿ, ಒಬ್ಬನೇ ಕೂರುವ ಪಂದ್ಯದ ಕಾರುಗಳನ್ನು ಇಲ್ಲೇ ಕಟ್ಟಿಸಿದವರು. 1995ರಲ್ಲಿ ಪುಟ್ಟ ವಿಮಾನ ಹಾರಿಸುವಾಗ ಅಪಘಾತದಲ್ಲಿ ಹೋದರು. ಚೆಟ್ಟಿಪಾಳ್ಯದ ಪಂದ್ಯದ ದಾರಿಗೆ ಅವರದೇ ಹೆಸರು. 2005ರಲ್ಲಿ ಫಾರ್ಮುಲಾ ಒನ್‌ಗೆ ಇಳಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಸಹ ಕೊಯಮತ್ತೂರಿನವರೇ. ಇದೆಲ್ಲ ಹುಡುಗನಿಗೆ ಬಾಯಿಪಾಠ. ಪರೀಕ್ಷೆಯ ಪಾಠ ಅಷ್ಟು ಬರುತ್ತದೆಯೋ ಇಲ್ಲವೋ ಕೇಳಬೇಡಿ.

ಅಂಬಾಸಿಡರ್ ಬಿಚ್ಚುವ ಮಾತಿಗೆ ಮನೆಯವರು ಸುತರಾಂ ಒಪ್ಪಲಿಲ್ಲ, ಅದು ಉಳಿಯಿತು. ಇಂಜಿನ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಮೂರನ್ನೂ ಇನ್ನೊಂದು ಸತ್ತ ಅಂಬಾಸಿಡರಿನಿಂದ ಉಕ್ಕಡಂ ಕಡೆಯ ಹಳೆ ಕಬ್ಬಿಣದ ಅಂಗಡಿಯಲ್ಲಿ ಚೌಕಾಸಿ ಮಾಡಿ ತಂದೆವು. ಚೌಕಾಸಿ ನಮ್ಮದು, ಆಯ್ಕೆ ಅವನದು. ಈಗಿನ ಸಣ್ಣ ಕಾರುಗಳ ಇಂಜಿನ್ ಅಡ್ಡಕ್ಕೆ ಕೂತು ಮುಂದಿನ ಗಾಲಿಯನ್ನು ತಿರುಗಿಸುತ್ತದಾದ್ದರಿಂದ ಈ ಕೆಲಸಕ್ಕೆ ಆಗದಂತೆ. ಉದ್ದಕ್ಕೆ ಕೂತು ಹಿಂದಿನ ಗಾಲಿ ತಿರುಗಿಸುವ ಹಳೆಯದೇ ಬೇಕು. ಅಂಬಾಸಿಡರಿಗೆ ಬೇರೆ ಚಾಸಿಸ್ ಇಲ್ಲ, ಮೈಯೇ ಚಾಸಿಸ್ ಎಂಬುದೂ ಆಗಲೇ ನಮಗೆ ಗೊತ್ತಾದದ್ದು. ಅಷ್ಟು ವರ್ಷ ಓಡಿಸಿದರೂ ಗೊತ್ತಿರಲಿಲ್ಲ. ಹಾಗಾಗಿ ಚೌಕದ ಕಬ್ಬಿಣದ ಪೈಪು ತಂದು ಏಣಿಯ ಆಕಾರದಲ್ಲಿ ಹೊಸ ಚಾಸಿಸ್ ಮಾಡಬೇಕಾಯಿತು. ಮುಂದಿನ ಆಕ್ಸಲ್ ಒಂದು ಹಳೆಯ ಜೀಪಿನದು.

ಮೊದಲ ಎಡವಟ್ಟು ಅಲ್ಲೇ ಆಯಿತು. ಉತ್ಸಾಹದಲ್ಲಿ ಹುಡುಗ ಒಂದು ಪಕ್ಕವನ್ನು ಪೂರ್ತಿ ವೆಲ್ಡಿಂಗ್ ಮಾಡಿಯೇ ಇನ್ನೊಂದು ಪಕ್ಕಕ್ಕೆ ಹೋದ. ಕಣ್ಣಿಗೆ ನೇರವಾಗಿಯೇ ಕಾಣುತ್ತಿತ್ತು. ನಾವು ನಲವತ್ತು ವರ್ಷ ಟೇಪು ಹಿಡಿದ ಕೈ. ಸುಮ್ಮನೆ ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡಿದೆವು. ಎರಡು ಕರ್ಣಗಳ ನಡುವೆ ಹದಿನಾಲ್ಕು ಮಿಲಿಮೀಟರ್ ವ್ಯತ್ಯಾಸ. ಕಬ್ಬಿಣ ಕಾದು ಆರುವಾಗ ಕುಗ್ಗಿ ಎಳೆದುಕೊಳ್ಳುತ್ತದೆ. ಆ ಚಾಸಿಸ್ ಮೇಲೆ ಕಾರು ಕಟ್ಟಿದ್ದರೆ ಜೀವಮಾನವಿಡೀ ಒಂದು ಕಡೆಗೆ ಎಳೆಯುತ್ತಿತ್ತು. ಬನಿಯನ್ ಬಟ್ಟೆಯೂ ಹಾಗೆಯೇ. ನೀರಿಗೆ ಹಾಕಿ ಎಷ್ಟು ಕುಗ್ಗುತ್ತದೆಂದು ನೋಡದೆ ಕತ್ತರಿ ಇಟ್ಟವನು ಮಾಲು ವಾಪಸು ಬಂದಾಗ ಅಳುತ್ತಾನೆ. ಹುಡುಗ ಮುಖ ಸಣ್ಣ ಮಾಡಿಕೊಂಡು ಗ್ರೈಂಡರಿನಲ್ಲಿ ಎಲ್ಲ ಕತ್ತರಿಸಿದ. ಎರಡನೇ ಸಲ ಎಲ್ಲ ಮೂಲೆಗೂ ಬರೇ ಟ್ಯಾಕ್ ಹೊಡೆದು, ಅಳೆದು, ಎದುರು ಬದುರು ಸ್ವಲ್ಪ ಸ್ವಲ್ಪವೇ ವೆಲ್ಡಿಂಗ್ ಮಾಡುತ್ತ ಬಂದ. ವ್ಯತ್ಯಾಸ ಎರಡು ಮಿಲಿಮೀಟರಿಗೆ ಇಳಿಯಿತು.

ತಗಡು ಬಡಿಯಲು ಬರುವ ಮಿಸ್ತ್ರಿ ಈ ಕಡೆಯ ಒಕ್ಕಲಿಗರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಅವರ ಕನ್ನಡ ನಮಗೆ ಅರ್ಧ ತಿಳಿಯುತ್ತದೆ, ನಮ್ಮದು ಅವರಿಗೆ ಅರ್ಧ. ಮರಳು ತುಂಬಿದ ಚೀಲದ ಮೇಲೆ ತಗಡಿಟ್ಟು ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಅವರು ಮೂತಿಯ ಬಾಗು ತೆಗೆಯುವುದನ್ನು ನೋಡುತ್ತ ಎಷ್ಟೋ ಸಂಜೆ ಲೆಕ್ಕದ ಪುಸ್ತಕವನ್ನೇ ಮರೆತಿದ್ದೇವೆ. ಒಂದು ಮಾತಂತೂ ಅವರು ಖಡಾಖಂಡಿತವಾಗಿ ಹೇಳಿದರು: ಸ್ಟೀರಿಂಗಿನ ತೋಳುಗಳನ್ನು ಕತ್ತರಿಸಿ ವೆಲ್ಡಿಂಗ್ ಮಾಡಬೇಡಿ, ಹದ ಕೊಟ್ಟ ಉಕ್ಕು ಮತ್ತೆ ಕಾಯಿಸಿದರೆ ಹದ ಕೆಟ್ಟು ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ.

ಇನ್ನು ಕಾಯಿದೆಯ ವಿಷಯ. ಇದನ್ನು ಮೊದಲೇ ವಿಚಾರಿಸದೆ ಇದ್ದದ್ದು ನಮ್ಮದೇ ತಪ್ಪು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಕಂಪನಿ ಮಾಡಿದ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಸಹ ಅದನ್ನೇ ಎತ್ತಿ ಹಿಡಿಯಿತು. ವಿಂಟೇಜ್ ಗಾಡಿಗಳಿಗೆ 2021ರಲ್ಲಿ ಬೇರೆ ನಿಯಮ ಬಂದಿದೆ: ಐವತ್ತು ವರ್ಷ ದಾಟಿರಬೇಕು, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಚಾಸಿಸ್, ಮೈ, ಇಂಜಿನ್ ಯಾವುದನ್ನೂ ಬದಲಾಯಿಸಿರಬಾರದು. ಪೂರ್ತಿ ಹೊಸ ಗಾಡಿಯೆಂದರೆ ಸರಕಾರ ಒಪ್ಪಿದ ಸಂಸ್ಥೆಯಲ್ಲಿ ಪರೀಕ್ಷೆಯಾಗಿ ಮಂಜೂರಾತಿ ಬರಬೇಕು. ಅದು ಕಾರ್ಖಾನೆಯವರ ಮಾತು. ನಮ್ಮ ಗೋದಾಮಿನ ಕಾರು ಹೊಸದೂ ಅಲ್ಲ, ಹಳೆಯದೂ ಅಲ್ಲ.

ಆಗ ಒಬ್ಬ ದಲ್ಲಾಳಿ ಸುಳಿದ. ನಮ್ಮ ಅಂಬಾಸಿಡರಿನ ನಂಬರನ್ನೇ ಇದಕ್ಕೆ ಹಾಕಿಕೊಳ್ಳಿ, ಕಾಗದಪತ್ರ ತಾನು ನೋಡಿಕೊಳ್ಳುತ್ತೇನೆಂದ. ಹುಡುಗ ಓಡಿ ಬಂದು, "ಅಜ್ಜಾ, ಆರ್.ಸಿ. ಪುಸ್ತಕ ನಿಮ್ಮ ಹೆಸರಿನಲ್ಲಿದೆ. ನೀವು ಹೂಂ ಅಂದರೆ ಸಾಕು" ಎಂದ. ಆಗುವುದಿಲ್ಲ ಎಂದೆವು. ಅವನಿಗೆ ಸಿಟ್ಟು ಬಂತು. "ನೀವು ಬಿಲ್ಲಿಲ್ಲದೆ ಒಂದು ಸಲವೂ ಮಾಲು ಕಳಿಸಿಲ್ಲವೇ? ಅಜ್ಜಿಯೇ ಹೇಳಿದ್ದಾರೆ" ಎಂದ.

ಕಳಿಸಿದ್ದೇವೆ. ಎಂಬತ್ತರ ದಶಕದಲ್ಲಿ, ಕೈ ಬಹಳ ಬಿಗಿಯಿದ್ದಾಗ, ಒಂದಲ್ಲ ನಾಲ್ಕಾರು ಸಲ. ವಾಚಕರ ಮುಂದೆ ಮುಚ್ಚಿಡುವುದೇಕೆ? ಆ ದಿನ ಅವನಿಗೆ ಉತ್ತರ ಕೊಡಲು ನಮಗೆ ಬಾಯಿ ಬರಲಿಲ್ಲ. ಎದ್ದು ಹೋಗಿ ಆರ್.ಸಿ. ಪುಸ್ತಕವನ್ನೂ ಗೋದಾಮಿನ ಕೀಲಿಯನ್ನೂ ತಿಜೋರಿಯಲ್ಲಿಟ್ಟೆವು. ಮೂರು ವಾರ ಅವನು ಈ ಕಡೆ ತಲೆ ಹಾಕಲಿಲ್ಲ. ಮಗಳು ಫೋನಿನಲ್ಲಿ, "ಅಪ್ಪಾ, ಒಳ್ಳೆಯದಾಯಿತು, ಕೀಲಿ ಕೊಡಲೇಬೇಡಿ. ರಾತ್ರಿ ನಿದ್ದೆಯಾದರೂ ಬರುತ್ತದೆ" ಎಂದಳು. ನಮಗೆ ಮಾತ್ರ ನಿದ್ದೆ ಬರಲಿಲ್ಲ. ನೋಂದಣಿಯಿಲ್ಲದ ಗಾಡಿಗೆ ವಿಮೆಯೂ ಇಲ್ಲ. ರಸ್ತೆಯಲ್ಲಿ ಯಾರಿಗಾದರೂ ತಾಗಿದರೆ ಬಿಲ್ಲಿಲ್ಲದ ಮಾಲಿನ ಹಾಗೆ ದಂಡ ಕಟ್ಟಿ ಮುಗಿಸುವ ಲೆಕ್ಕ ಅದಲ್ಲ. ಇದನ್ನು ಅವತ್ತೇ ಹೇಳಬೇಕಿತ್ತು. ಕೊನೆಗೆ ಒಂದು ಇನ್‌ಲ್ಯಾಂಡ್ ಪತ್ರದಲ್ಲಿ ಬರೆದು, ಬಿಲ್ಲಿನ ಸಂಗತಿಯನ್ನೂ ಒಪ್ಪಿಕೊಂಡು ಅಂಚೆಗೆ ಹಾಕಿದೆವು.

ನಾಲ್ಕನೇ ಭಾನುವಾರ ಬಂದ. ಪತ್ರದ ಸುದ್ದಿ ಎತ್ತಲಿಲ್ಲ, ನಾವೂ ಎತ್ತಲಿಲ್ಲ. "ಅಜ್ಜಾ, ಬ್ರೇಕ್ ಇನ್ನೂ ಸರಿಯಾಗಿಲ್ಲ. ಗಾಡಿ ಹಗುರ, ಹಿಂದಿನ ಗಾಲಿ ಮೊದಲೇ ಕಚ್ಚಿಕೊಳ್ಳುತ್ತದೆ" ಎಂದ. ಕೀಲಿ ಕೊಟ್ಟೆವು. ಲಾರಿಯ ಮೇಲೆ ಹೇರಿಕೊಂಡು ಹೋಗಿ ಯಾರದಾದರೂ ಖಾಸಗಿ ಬಯಲಿನಲ್ಲಿ ಓಡಿಸುವುದೆಂದು ಈಗ ಮಾತಾಗಿದೆ. ಚೆಟ್ಟಿಪಾಳ್ಯದಲ್ಲಿ ಒಂದು ದಿನ ಬಿಡುತ್ತಾರೋ ಎಂದೂ ವಿಚಾರಿಸಬೇಕೆಂದಿದ್ದಾನೆ. ಅಂಬಾಸಿಡರಿಗೆ 2039ಕ್ಕೆ ಐವತ್ತು ತುಂಬುತ್ತದೆ. ಅದನ್ನು ಇದ್ದ ಹಾಗೇ ಇಡುವ ಜವಾಬ್ದಾರಿಯನ್ನೂ ಅವನೇ ಹೊತ್ತಿದ್ದಾನೆ.

ಹೊಸ ಕಾರಿಗೆ ಬಣ್ಣ ಇನ್ನೂ ಹೊಡೆದಿಲ್ಲ. ಅವನು ಕಪ್ಪು ಎನ್ನುತ್ತಾನೆ, ಅವನ ಅಜ್ಜಿ ಅಂಬಾಸಿಡರಿನ ಹಾಗೆ ಕೆನೆ ಬಣ್ಣವೇ ಇರಲಿ ಎನ್ನುತ್ತಾರೆ.