ಶಾಲೆಯ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿದ್ದರೆ ಸಾಕೇ?

“ಹೋಮ್‌ವರ್ಕ್, ರಜೆ, ಫೀಸು ಎಲ್ಲಾ ಗ್ರೂಪ್‌ಗೇ ಬರುತ್ತೆ. ಇನ್ನು ಶಾಲೆಗೆ ಹೋಗಿ ಮಾತಾಡೋದೇನಿದೆ?” ಈ ಮಾತನ್ನು ನೀವೂ ಕೇಳಿರುತ್ತೀರಿ, ಬಹುಶಃ ಆಡಿಯೂ ಇರುತ್ತೀರಿ. ನನ್ನ ಅಕ್ಕನ ಫೋನಿನಲ್ಲಿ ಮಗನ ಶಾಲೆಯ ಗ್ರೂಪ್ ಮ್ಯೂಟ್ ಆಗಿದೆ. ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಪರೀಕ್ಷೆಯ ದಿನಾಂಕ ಹುಡುಕಬೇಕು. ಅದಿರಲಿ, ಮೆಸೇಜ್ ತಲುಪಿದ ಮಾತ್ರಕ್ಕೆ ಮಗುವಿನ ಕಲಿಕೆ ಸುಧಾರಿಸುತ್ತದೆಯೇ?

ಇದನ್ನು ಪರೀಕ್ಷಿಸಿ ನೋಡಿದ್ದಾರೆ. 2020ರಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದ್ದಾಗ ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ಸುಮಾರು 4,500 ಕುಟುಂಬಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ವಾರಕ್ಕೊಮ್ಮೆ ಲೆಕ್ಕಗಳ ಎಸ್‌ಎಂಎಸ್ ಮಾತ್ರ. ಇನ್ನೊಂದಕ್ಕೆ ಎಸ್‌ಎಂಎಸ್ ಜೊತೆಗೆ 15–20 ನಿಮಿಷದ ಫೋನ್ ಕರೆ. ಪೋಷಕರು ಸ್ಪೀಕರ್ ಹಾಕಿ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು, ಕರೆ ಮಾಡಿದವರು ಲೆಕ್ಕ ಬಿಡಿಸಲು ಹೇಳಿಕೊಡುತ್ತಾರೆ. ಮೂರನೆಯ ಗುಂಪಿಗೆ ಎರಡೂ ಇಲ್ಲ. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಕರೆ ಬಂದ ಮನೆಗಳ ಮಕ್ಕಳು ಗಣಿತದಲ್ಲಿ ಮುಂದಿದ್ದರು. ಬರೀ ಎಸ್‌ಎಂಎಸ್‌ನಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಮಗುವಿನ ಮಟ್ಟ ಎಷ್ಟಿದೆ ಎಂಬ ಅಂದಾಜೂ ಕರೆ ಬಂದ ಪೋಷಕರಿಗೆ ಹೆಚ್ಚು ಸರಿಯಾಗಿ ಸಿಕ್ಕಿತ್ತು. ಅದು ಶಾಲೆಯೇ ಇಲ್ಲದ ಕಾಲ. ನಮ್ಮಲ್ಲಿ ಇವತ್ತು ಅಷ್ಟೇ ಫಲ ಸಿಗುತ್ತದೆ ಎನ್ನಲಾಗದು.

“ನಮಗೇ ಓದು ಬರಲ್ಲ, ನಾವೇನು ಕೇಳೋದು?” ಎಂಬ ಹಿಂಜರಿಕೆಯೂ ಇದೆ. ಬಿಹಾರ ಮತ್ತು ರಾಜಸ್ಥಾನದ 480 ಹಳ್ಳಿಗಳ ಅಧ್ಯಯನವೊಂದರಲ್ಲಿ, ಮಗುವಿನ ಜೊತೆ ಮನೆಯಲ್ಲಿ ಕೂತು ಮಾಡುವ ಚಟುವಟಿಕೆಗಳನ್ನು ಹೆಚ್ಚು ಓದದ ತಾಯಂದಿರಿಗೆ ಪ್ರತಿವಾರ ತೋರಿಸಿಕೊಟ್ಟರು. ಮಕ್ಕಳ ಗಣಿತ ಸುಧಾರಿಸಿತು. ಲಾಭ ಚಿಕ್ಕದೇ, ಆದರೆ ಅಮ್ಮನ ಓದು ಕಡಿಮೆ ಎಂಬುದು ಅಡ್ಡಿಯಾಗಲಿಲ್ಲ.

ಕಾನೂನೂ ಪೋಷಕರ ಪದವಿ ಕೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ಕರ್ನಾಟಕದಲ್ಲಿ ನಾವು ಎಸ್‌ಡಿಎಂಸಿ ಎನ್ನುವುದು ಇದನ್ನೇ. ಸಭೆಯಲ್ಲಿ ಸಹಿ ಹಾಕಿ ಎದ್ದುಬರುವುದೇ ಹೆಚ್ಚು ಎಂಬುದು ಬೇರೆ ಮಾತು.

ಮುಂದಿನ ಪೋಷಕರ ಸಭೆಯಲ್ಲಿ “ಎಷ್ಟು ಮಾರ್ಕ್ಸ್?” ಎನ್ನುವ ಬದಲು “ಯಾವ ಲೆಕ್ಕದಲ್ಲಿ ಎಡವುತ್ತಾನೆ ಮೇಷ್ಟ್ರೇ? ಮನೆಯಲ್ಲಿ ನಾವೇನು ಮಾಡಿಸಬಹುದು?” ಎಂದು ಕೇಳಿ. ಮಗು ರಾತ್ರಿ ನಿದ್ದೆ ಮಾಡುತ್ತಿಲ್ಲ, ಬೋರ್ಡ್ ಸರಿಯಾಗಿ ಕಾಣುತ್ತಿಲ್ಲ ಎಂಬಂಥ ವಿಷಯ ನಿಮಗಷ್ಟೇ ಗೊತ್ತಿರುತ್ತದೆ, ಅದನ್ನೂ ಹೇಳಿ. ಗ್ರೂಪ್‌ನಲ್ಲಿ ಮಾತ್ರ ಬೇಡ. ಅಲ್ಲಿ ನಿಮ್ಮ ಮಗುವಿನ ತೊಂದರೆಯನ್ನು ತರಗತಿಯ ಎಲ್ಲರ ಮನೆಯವರೂ ಓದುತ್ತಾರೆ.