ತಾಯಿ ಕಾರ್ಡ್‌ನ ಲೆಕ್ಕ ಊರ ಮುಂದೆ ಬರಲಿ

ಮಂಡ್ಯ ಜಿಲ್ಲೆಯ ಮಾಕವಳ್ಳಿ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತು ಬಂದ ಟ್ರ್ಯಾಕ್ಟರ್ ಮೊದಲು ವೇಬ್ರಿಡ್ಜ್ ಹತ್ತಬೇಕು. ತುಂಬಿದಾಗಿನ ತೂಕ, ಖಾಲಿಯಾದ ಮೇಲಿನ ತೂಕ, ಕೈಗೊಂದು ಚೀಟಿ. ಲೆಕ್ಕ ಸ್ವಲ್ಪ ಏರುಪೇರಾದರೂ ರೈತ ಅಲ್ಲೇ ಜಗಳಕ್ಕೆ ನಿಲ್ಲುತ್ತಾನೆ. ಮೂರನೇ ತಿಂಗಳಲ್ಲಿ ತಾಯಿ ಕಾರ್ಡ್, ಅಂದರೆ ಗರ್ಭಿಣಿಯ ನೋಂದಣಿ ಕಾರ್ಡ್, ಮಾಡಿಸಿದ ಬಸಿರು ಹೆರಿಗೆಯವರೆಗೆ ಬಂತೇ ಎಂದು ಮಾತ್ರ ಊರು ಕೇಳುವುದಿಲ್ಲ. ಕೇಳದಿದ್ದರೆ ಏನಾಗುತ್ತದೆಂದು ಮಂಡ್ಯ ಕಂಡಿದೆ.

2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಭ್ರೂಣಲಿಂಗ ಪತ್ತೆಯ ಜಾಲವೊಂದನ್ನು ಹಿಡಿದರು. ಅದರ ಬೇರು ಇದ್ದದ್ದು ಮಂಡ್ಯದ ಆಲೆಮನೆಯೊಂದರಲ್ಲಿ. ಗಾಣ, ಕೊಪ್ಪರಿಗೆ, ರಚ್ಚಿನ ರಾಶಿ ಇರಬೇಕಾದ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ! 2024ರ ಮೇ ತಿಂಗಳಲ್ಲಿ ಅದೇ ಜಿಲ್ಲೆಯ ಪಾಂಡವಪುರದಲ್ಲಿ ಇನ್ನೊಂದು ಪ್ರಕರಣ ಬಯಲಾಯಿತು; ಈ ಸಲ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ.

ಕಾನೂನಿಗೇನೂ ಬರವಿಲ್ಲ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಪಿಸಿಪಿಎನ್‌ಡಿಟಿ ಕಾಯ್ದೆ 1994ರದ್ದು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಸ್ಕ್ಯಾನಿಂಗ್ ಕೇಂದ್ರ ನೋಂದಣಿಯಾಗಿರಬೇಕು, ಸ್ಕ್ಯಾನ್ ಮಾಡಿಸಿದ ಪ್ರತಿ ಗರ್ಭಿಣಿಯ ವಿವರಕ್ಕೂ ಫಾರಂ ಎಫ್ ತುಂಬಬೇಕು. ಆದರೆ ಈ ನೀತಿಯ ಕಣ್ಣೆಲ್ಲ ಯಂತ್ರದ ಮೇಲೆ, ಅದೂ ಬೋರ್ಡ್ ಹಾಕಿಕೊಂಡ ಯಂತ್ರದ ಮೇಲೆ. ಆಲೆಮನೆಯಲ್ಲಿ ಫಾರಂ ಎಫ್ ತುಂಬುವವರು ಯಾರು?

ಬಸಿರಿನ ಸುದ್ದಿ ಮೊದಲು ತಿಳಿಯುವುದು ಆಶಾ ಕಾರ್ಯಕರ್ತೆಗೆ. ನೋಂದಣಿ, ತಪಾಸಣೆ, ಹೆರಿಗೆ ಎಲ್ಲವೂ ಆಕೆಯ ಪುಸ್ತಕದಲ್ಲಿರುತ್ತದೆ. ಆ ಪುಸ್ತಕದ ಅಂಕಿಗಳು ಮೇಲಕ್ಕೆ, ಬೆಂಗಳೂರಿಗೆ, ದೆಹಲಿಗೆ ಹೋಗುತ್ತವೆ. ಪಕ್ಕದ ಪಂಚಾಯಿತಿ ಕಟ್ಟಡಕ್ಕೆ ಬರುವುದಿಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿ ಹುಟ್ಟಿದ್ದೇ ಊರಿನ ಆರೋಗ್ಯವನ್ನು ಊರೇ ನೋಡಿಕೊಳ್ಳಲಿ ಎಂದು. ಅದರ ಸಭೆಯಲ್ಲಿ ಬ್ಲೀಚಿಂಗ್ ಪೌಡರ್ ಮಾತಷ್ಟೇ ಆದರೆ ಸಾಲದು.

ಊರ ಮುಂದಿಡಲು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯ ನಾಲ್ಕು ಅಂಕಿ ಸಾಕು: ನೋಂದಾಯಿತ ಗರ್ಭಿಣಿಯರು, ಆದ ಹೆರಿಗೆಗಳು, ಹುಟ್ಟಿದ ಗಂಡು, ಹುಟ್ಟಿದ ಹೆಣ್ಣು. ಒಂದೇ ಊರಿನ ಒಂದು ವರ್ಷದ ಲೆಕ್ಕದಲ್ಲಿ ಗಂಡು ಹೆಣ್ಣಿನ ಸಂಖ್ಯೆ ತಾನಾಗಿಯೇ ಹೆಚ್ಚುಕಡಿಮೆ ಆಗುತ್ತದೆ. ಮೂರು ವರ್ಷದ್ದನ್ನು ಒಟ್ಟಿಗಿಟ್ಟರೆ ಸುಳ್ಳು ನಿಲ್ಲುವುದು ಕಷ್ಟ. ಮೊದಲೆರಡೂ ಹೆಣ್ಣಾದ ಮನೆಗಳಲ್ಲಿ ಮೂರನೇ ಬಸಿರಿನ ನೋಂದಣಿ ಮಾತ್ರ ಐದನೇ ತಿಂಗಳಿಗೆ ಜಾರುತ್ತಿದ್ದರೆ, ಲಿಂಗ ತಿಳಿದ ಮೇಲಷ್ಟೇ ನೋಂದಣಿ ಆಗುತ್ತಿರಬಹುದು; ಅದನ್ನೂ ವೈದ್ಯಾಧಿಕಾರಿ ಗಮನಿಸಬೇಕು.

ಸಭೆಯಲ್ಲಿ ಹೆಸರು ಬೇಡ, ಮನೆ ಬೇಡ. ಬಸಿರು ಇಳಿಯುವುದಕ್ಕೆ ನೂರು ಕಾರಣ. 1971ರ ಎಂಟಿಪಿ ಕಾಯ್ದೆಯಡಿ ಗರ್ಭಪಾತಕ್ಕೆ ಕಾನೂನಿನ ದಾರಿಯೂ ಇದೆ. ಲಿಂಗಪತ್ತೆಗೆ ಹೋದ ಹೆಂಗಸನ್ನು ಗಂಡನೋ ನೆಂಟರೋ ಬಲವಂತ ಮಾಡಿದ್ದಾರೆಂದೇ ಪಿಸಿಪಿಎನ್‌ಡಿಟಿ ಕಾಯ್ದೆ ಮೊದಲು ಭಾವಿಸುತ್ತದೆ. ಕಟ್ಟೆ ಮೇಲಿನ ಪಂಚಾಯಿತಿಗೂ ಅಷ್ಟು ವಿವೇಕ ಬೇಕು. ಆಶಾ ಕಾರ್ಯಕರ್ತೆಯನ್ನು ಪೊಲೀಸ್ ಮಾಡುವುದೂ ತಪ್ಪು, ನಾಳೆ ಅದೇ ಬೀದಿಯಲ್ಲಿ ಬಾಳಬೇಕಾದವಳು ಆಕೆ. ಅಂಕಿಗಳನ್ನು ಓದುವ ಹೊಣೆ ವೈದ್ಯಾಧಿಕಾರಿಯದ್ದಾಗಲಿ.

ಮಾಕವಳ್ಳಿಯಿಂದ ನಾಗಮಂಗಲದವರೆಗಿನ ಪಂಚಾಯಿತಿಗಳು ಇದಕ್ಕಾಗಿ ಹೊಸ ಸುತ್ತೋಲೆಗೆ ಕಾಯಬೇಕಿಲ್ಲ. ಮುಂದಿನ ಗ್ರಾಮ ಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಈ ನಾಲ್ಕು ಅಂಕಿಗಳನ್ನೂ ಓದಿಸಿ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಈಗಲೇ ಅರ್ಜಿ ಬರೆದುಕೊಡಬಹುದು.